ಗೆದ್ದಲು ತಿಂದ ಮಳೆ ಪುಸ್ತಕ, ಡ್ರೈವ್‌ನಲ್ಲೊಂದು ನಕಲು

ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನ ಲೆಕ್ಕದಲ್ಲೇ ಹೇಳುವುದು. ನೂರು ಸೆಂಟಿಗೆ ಒಂದು ಇಂಚು. ಚಿಕ್ಕಮಗಳೂರಿನ ಆಲ್ದೂರು ಹತ್ತಿರ ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಅಪ್ಪ ಸುಮಾರು ನಲವತ್ತು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ರೈನ್‌ಗೇಜ್ ನೋಡಿ ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಾ ಬಂದಿದ್ದಾರೆ. ಮೂರು ವರ್ಷದ ಹಿಂದೆ ಮಳೆಗಾಲ ಮುಗಿದ ಮೇಲೆ ಗೋಡೆ ಬೀರು ತೆಗೆದರೆ ಕೆಳಗಿನ ಖಾನೆಯ ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ರಟ್ಟು ಹಾಗೇ ಇತ್ತು, ಒಳಗೆಲ್ಲಾ ಮಣ್ಣು. ಅಪ್ಪ ಏನೂ ಹೇಳಲಿಲ್ಲ. ಉಳಿದದ್ದನ್ನು ತೆಗೆದು ಕಣದಲ್ಲಿ ಬಿಸಿಲಿಗೆ ಹರಡಿದರು.

ಆಮೇಲೆ ತೋಟದ ಲೆಕ್ಕವನ್ನು ನಾನು ಫೋನಿನಲ್ಲಿ, ನೋಷನ್ ಆ್ಯಪ್‌ನಲ್ಲಿ ಬರೆಯಲು ಶುರು ಮಾಡಿದೆ. ದಿನಕ್ಕೊಂದು ಟಿಪ್ಪಣಿ. ಮಳೆ ಎಷ್ಟು, ಆಳು ಎಷ್ಟು, ಯಾವ ಕಡೆ ಕೆಲಸ, ಎಷ್ಟು ಕೆಜಿ ಹಣ್ಣು ಕೊಯ್ದರು, ಕಾಂಡಕೊರಕ ಹುಳು ಎಲ್ಲಾದರೂ ಕಂಡಿತಾ, ಒಂದೆರಡು ಫೋಟೋ. ಬರೆಯುವುದು ಸುಲಭವಾಯಿತು. ಆದರೆ ಗೆದ್ದಲಿನ ಭಯ ಹೋಗಲಿಲ್ಲ. ಒಂದೇ ಕಡೆ ಇದ್ದರೆ ಪುಸ್ತಕವಾದರೇನು, ಆ್ಯಪ್ ಆದರೇನು ಅಲ್ವಾ? ಒಮ್ಮೆ ನಾನು ಹುಷಾರಿಲ್ಲದೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಅದೇ ವಾರ ಬಟವಾಡೆ. ಲೆಕ್ಕ ನನ್ನ ಫೋನಿನಲ್ಲಿ, ಪಾಸ್‌ವರ್ಡ್ ನನ್ನ ತಲೆಯಲ್ಲಿ. ಅಪ್ಪ ನೆನಪಿನ ಮೇಲೆ ಕೂಲಿ ಕೊಟ್ಟರು. ಆಗಲೇ ತೀರ್ಮಾನ ಮಾಡಿದೆ: ಬೇರೆ ಕಡೆ ಒಂದು ನಕಲು ಇರಬೇಕು, ಮನೆಯಲ್ಲಿ ಯಾರು ತೆಗೆದರೂ ಓದುವಂತಿರಬೇಕು, ನಾನು ನೆನಪಿಟ್ಟುಕೊಂಡು ಮಾಡುವ ಕೆಲಸ ಅದಾಗಬಾರದು.

ಮೊದಲು ಕೈಯಲ್ಲೇ ಮಾಡಿದೆ. ನೋಷನ್‌ನಿಂದ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಇಳಿಸಿಕೊಂಡು ಗೂಗಲ್ ಡ್ರೈವ್‌ಗೆ ಹಾಕುವುದು. ತಿಂಗಳಿಗೆ ಹತ್ತು ಟಿಪ್ಪಣಿ ಬರೆಯುವವರಿಗೆ ಇಷ್ಟೇ ಸಾಕು, ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದೇ ಬೇಡ. ನಾನು ಎರಡು ತಿಂಗಳು ಮಾಡಿದೆ. ಕೊಯ್ಲು ಶುರುವಾದ ಮೇಲೆ ಮರೆತೇ ಹೋಯಿತು.

ಕೋಡ್ ಬರೆಯಲು ನನಗೆ ಬರುವುದಿಲ್ಲ. ಕೋಡ್ ಇಲ್ಲದೆ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಕೊಂಡಿ ಹಾಕುವ ಸೇವೆಗಳಲ್ಲಿ ಝೇಪಿಯರ್, ಮೇಕ್ ಎರಡನ್ನೂ ನೋಡಿದೆ. ಝೇಪಿಯರ್‌ನ ಉಚಿತ ಖಾತೆಯಲ್ಲಿ ಎರಡು ಹೆಜ್ಜೆಯ ಕೆಲಸ ಮಾತ್ರ ಆಗುತ್ತದೆ. ನನಗೆ ಹೆಜ್ಜೆ ಜಾಸ್ತಿ ಬೇಕಿತ್ತು, ಹಾಗಾಗಿ ಮೇಕ್ ಹಿಡಿದೆ. ಇದರ ಹಳೆಯ ಹೆಸರು ಇಂಟಿಗ್ರೋಮ್ಯಾಟ್, 2022ರಲ್ಲಿ ಬದಲಾಯಿತು. ಹಳೆಯ ವಿಡಿಯೋ ನೋಡಿ ಕಲಿಯುವವರು ಆ ಹೆಸರನ್ನೂ ಹುಡುಕಿ, ಒಳ್ಳೆಯ ಪಾಠಗಳು ಸಿಗುತ್ತವೆ.

ಮೇಕ್‌ನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ದುಂಡನೆಯ ಗುಂಡಿ. ಅವನ್ನು ಎಡದಿಂದ ಬಲಕ್ಕೆ ಪೋಣಿಸುತ್ತಾ ಹೋಗಬೇಕು. ಮೊದಲ ದಿನ ನಾನು ಎರಡೇ ಪೋಣಿಸಿದೆ. ನೋಷನ್‌ನಲ್ಲಿ ಹೊಸ ಟಿಪ್ಪಣಿ ಬಂದರೆ, ಅದನ್ನು ಗೂಗಲ್ ಡಾಕ್ಸ್ ಕಡತವಾಗಿ ಡ್ರೈವ್‌ನ ಫೋಲ್ಡರ್‌ಗೆ ಹಾಕು. ನೋಷನ್‌ನಲ್ಲಿ ಆ ಪುಟಕ್ಕೆ ಹೋಗಿ ಮೇಕ್‌ಗೆ ಅನುಮತಿ ಕೊಡಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ನಿಮ್ಮ ಪುಟವೇ ಕಾಣುವುದಿಲ್ಲ. ಇದಿಷ್ಟು ಮುಗಿಸಿ ಖುಷಿಯಿಂದ ಮಲಗಿದೆ.

ಮಾರನೇ ದಿನ ರಾತ್ರಿ ಫೋಲ್ಡರ್ ತೆಗೆದರೆ ಕಡತ ಇದೆ, ಒಳಗೆ ಮಳೆ ಲೆಕ್ಕ ಬಿಟ್ಟರೆ ಏನೂ ಇಲ್ಲ. ಮೂರು ದಿನ ಹೀಗೇ ಆಯಿತು. ಆಮೇಲೆ ಹೊಳೆಯಿತು. ನಾನು ಟಿಪ್ಪಣಿ ತೆರೆಯುವುದು ಬೆಳಿಗ್ಗೆ, ಮಳೆ ಬರೆಯುವುದಕ್ಕೆ. ಆಳಿನ ಲೆಕ್ಕ ಎಂಟೂವರೆಗೆ. ಹಣ್ಣಿನ ತೂಕ ಸಂಜೆ. ತೋಟದ ಕೆಳಗಡೆ ಸಿಗ್ನಲ್ ಇಲ್ಲದ್ದರಿಂದ ಚೀಟಿಯಲ್ಲಿ ಬರೆದುಕೊಂಡು ಬಂದು ಮನೆಯಲ್ಲಿ ಸೇರಿಸುತ್ತೇನೆ. ಮೇಕ್ ಮಾತ್ರ ಟಿಪ್ಪಣಿ ಹುಟ್ಟಿದ ಕಾಲು ಗಂಟೆಯೊಳಗೆ ಬಂದು, ಇದ್ದದ್ದನ್ನು ಎತ್ತಿಕೊಂಡು ಹೋಗಿರುತ್ತಿತ್ತು. ಟಿಪ್ಪಣಿ ಹುಟ್ಟಿದ್ದು ಅದಕ್ಕೆ ಗೊತ್ತಾಗುತ್ತದೆ. ಮುಗಿದದ್ದು ಗೊತ್ತಾಗುವುದಿಲ್ಲ. ಅದನ್ನು ನಾವೇ ಹೇಳಬೇಕು.

ಹೇಳುವುದು ಹೇಗೆ? ಟಿಪ್ಪಣಿಯಲ್ಲಿ ಎರಡು ಚೌಕ ಸೇರಿಸಿದೆ. ಒಂದರ ಹೆಸರು 'ಮುಗಿಯಿತು', ಇನ್ನೊಂದು 'ನಕಲಾಯಿತು'. ರಾತ್ರಿ ಊಟಕ್ಕೆ ಮುಂಚೆ ಲೆಕ್ಕ ನೋಡಿ ಮೊದಲನೆಯದಕ್ಕೆ ನಾನು ಗುರುತು ಹಾಕುತ್ತೇನೆ. 'ಮುಗಿಯಿತು' ಇದ್ದು 'ನಕಲಾಯಿತು' ಇಲ್ಲದ ಟಿಪ್ಪಣಿಗಳನ್ನು ಮಾತ್ರ ಮೇಕ್ ಹುಡುಕಿ ತೆಗೆಯುತ್ತದೆ. ನಕಲು ಮುಗಿದ ಮೇಲೆ ಎರಡನೆಯ ಚೌಕಕ್ಕೆ ಅದೇ ಗುರುತು ಹಾಕುತ್ತದೆ. ನಾನು ಮರೆತರೂ ಮಾರನೇ ದಿನ ಗುರುತು ಹಾಕಿದರೆ ಸಾಕು, ಯಾವುದೂ ತಪ್ಪುವುದಿಲ್ಲ, ಎರಡು ಸಲ ಬರುವುದೂ ಇಲ್ಲ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಉಚಿತ ಖಾತೆಯ ಲೆಕ್ಕವೂ ಇದರಿಂದಲೇ ಸರಿಹೋಯಿತು. ಮೇಕ್ ತಿಂಗಳಿಗೆ 1000 ಕ್ರೆಡಿಟ್ ಉಚಿತವಾಗಿ ಕೊಡುತ್ತದೆ. ಒಂದು ಗುಂಡಿ ಒಂದು ಸಲ ಕೆಲಸ ಮಾಡಿದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಏನೂ ಸಿಗದಿದ್ದರೂ, ಸುಮ್ನೆ ಬಂದು ನೋಡಿ ಹೋದದ್ದಕ್ಕೂ ಒಂದು ಕ್ರೆಡಿಟ್ ಹೋಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ನೋಡಿದರೆ ದಿನಕ್ಕೆ 96 ಸಲ, ತಿಂಗಳಿಗೆ 2880. ಹತ್ತು ಹನ್ನೊಂದು ದಿನಕ್ಕೇ ಖಾಲಿ. ತೋಟದ ಲೆಕ್ಕಕ್ಕೆ ಅಷ್ಟು ಅವಸರ ಏನಿದೆ? ರಾತ್ರಿ ಒಂಬತ್ತಕ್ಕೆ ಒಂದೇ ಸಲ ಅಂತ ಇಟ್ಟೆ. ಫೋಟೋ ಸೇರಿ ದಿನಕ್ಕೆ ಹತ್ತರ ಆಸುಪಾಸು ಆಗುತ್ತದೆ, ತಿಂಗಳಿಗೆ ಮುನ್ನೂರು.

ಫೋಟೋ ವಿಷಯದಲ್ಲಿ ಒಂದು ಪಾಠ ಕಲಿತೆ. ಮೊದಲು ನಾನು ಫೋಟೋದ ಕೊಂಡಿಯನ್ನು (ಲಿಂಕ್) ಮಾತ್ರ ಡಾಕ್ಸ್‌ನಲ್ಲಿ ಹಾಕಿದ್ದೆ. ಆಗಲೇ ಒತ್ತಿ ನೋಡಿದರೆ ತೆರೆಯುತ್ತಿತ್ತು, ಬೆಳಿಗ್ಗೆ ತೆರೆಯುತ್ತಿರಲಿಲ್ಲ. ನೋಷನ್ ಹೊರಗಿನ ಸೇವೆಗೆ ಕೊಡುವ ಫೈಲ್ ಕೊಂಡಿಗೆ ಒಂದೇ ಗಂಟೆ ಆಯಸ್ಸು. ಯಾರ ಕೈಗೋ ಸಿಕ್ಕಿ ಶಾಶ್ವತವಾಗಿ ತೆರೆದಿರಬಾರದು ಅಂತ ಹಾಗೆ ಮಾಡಿದ್ದಾರೆ, ಸರಿಯಾಗಿಯೇ ಇದೆ. ಹಾಗಾಗಿ ಕೊಂಡಿ ಇಟ್ಟುಕೊಳ್ಳಬಾರದು, ಫೋಟೋವನ್ನೇ ತರಬೇಕು. ಮೇಕ್‌ನಲ್ಲಿ ಫೈಲ್ ಇಳಿಸಿಕೊಳ್ಳುವ ಗುಂಡಿ ಇದೆ. ಅದರ ಮುಂದೆ ಡ್ರೈವ್‌ಗೆ ಏರಿಸುವ ಗುಂಡಿ. ಎರಡೂ ಒಂದೇ ಓಟದಲ್ಲಿ ಆಗುವುದರಿಂದ ಗಂಟೆಯ ತೊಂದರೆ ಇಲ್ಲ. ನೋಷನ್‌ನ ಉಚಿತ ಖಾತೆಗೆ 5 ಎಂಬಿಗಿಂತ ದೊಡ್ಡ ಫೈಲ್ ಹೋಗುವುದಿಲ್ಲ, ಅದಕ್ಕೆ ಫೋನಿನ ಕ್ಯಾಮೆರಾ ಸೆಟ್ಟಿಂಗ್ ಇಳಿಸಿದ್ದೇನೆ. ಎಲೆಯ ಮೇಲಿನ ತುಕ್ಕು ರೋಗ ಕಾಣುವಷ್ಟು ಸ್ಪಷ್ಟವಾಗಿಯೇ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ವಾರಕ್ಕೊಮ್ಮೆ ಎಲ್ಲವೂ ನಿಂತುಹೋಗುತ್ತಿದ್ದದ್ದು. ಸಾಮಾನ್ಯ ಜಿಮೇಲ್ ಖಾತೆಯ ಡ್ರೈವ್ ಅನ್ನು ಮೇಕ್‌ಗೆ ಜೋಡಿಸಲು ಗೂಗಲ್ ಕ್ಲೌಡ್‌ನಲ್ಲಿ ನಮ್ಮದೇ ಹೆಸರಲ್ಲಿ ಒಂದು ಅನುಮತಿ ಚೀಟಿ ಮಾಡಿಸಿಕೊಳ್ಳಬೇಕಾಯಿತು. ಮೇಕ್‌ನ ಸಹಾಯ ಪುಟದಲ್ಲಿ ಹೇಳಿದಂತೆ ಒಂದೊಂದೇ ಹೆಜ್ಜೆ ಮಾಡಿದರೆ ಮುಕ್ಕಾಲು ಗಂಟೆಯ ಕೆಲಸ, ಹೆದರುವಂಥದ್ದಲ್ಲ. ಆದರೆ ಅಲ್ಲಿ ಸ್ಥಿತಿ 'ಟೆಸ್ಟಿಂಗ್' ಎಂದು ಇದ್ದರೆ ಆ ಅನುಮತಿ ಏಳು ದಿನಕ್ಕೆ ಮುಗಿದುಹೋಗುತ್ತದೆ. ನಾನು ನಾಲ್ಕು ವಾರ ಪ್ರತಿ ಭಾನುವಾರ ಮತ್ತೆ ಮತ್ತೆ ಜೋಡಿಸಿದೆ. ಕಡೆಗೆ ಬೆಂಗಳೂರಿನಿಂದ ತಮ್ಮ ಬಂದಾಗ ಪಕ್ಕದಲ್ಲಿ ಕೂತು ನೋಡಿ, "ಅಕ್ಕಾ, ಏಳೇ ದಿನಕ್ಕೆ ಸರಿಯಾಗಿ ನಿಲ್ತಿದೆ ಅಂದ್ರೆ ಅದು ಕೆಟ್ಟಿರೋದಲ್ಲ, ಯಾರೋ ಏಳು ಅಂತ ಇಟ್ಟಿದ್ದಾರೆ" ಎಂದ. ಹುಡುಕಿದರೆ ಹಾಗೇ ಇತ್ತು. ಸ್ಥಿತಿಯನ್ನು 'ಪ್ರೊಡಕ್ಷನ್' ಎಂದು ಬದಲಾಯಿಸಿ ಹೊಸದಾಗಿ ಜೋಡಿಸಿದೆ. ಆಮೇಲೆ ನಿಂತಿಲ್ಲ.

ಮಾರ್ಚ್‌ನಲ್ಲಿ ಅಪ್ಪ ಇನ್ನೊಂದು ತಪ್ಪು ಹಿಡಿದರು. "ಇದೆಂಥದೇ, ಇವತ್ತಿನ ಮಳೆಗೆ ನಿನ್ನೆ ತಾರೀಖು ಹಾಕಿದೆ?" ಕೆಲವು ದಿನ ಸರಿ, ಕೆಲವು ದಿನ ತಪ್ಪು. ಹೂಮಳೆಯ, ಅಂದರೆ ಕಾಫಿ ಹೂ ಬಿಡಲು ಬೇಕಾದ ಬೇಸಿಗೆ ಮಳೆಯ ಕಾಲದಲ್ಲಿ ಅಪ್ಪ ಐದಕ್ಕೇ ಟಾರ್ಚ್ ಹಿಡಿದು ರೈನ್‌ಗೇಜ್ ನೋಡುತ್ತಾರೆ. ಅವರು ಕೂಗಿ ಹೇಳಿದ ಕೂಡಲೇ ನಾನು ಟಿಪ್ಪಣಿ ತೆರೆಯುತ್ತೇನೆ. ಐದೂವರೆಗೆ ಮುಂಚೆ ತೆರೆದವು ಮಾತ್ರ ತಪ್ಪಾಗಿದ್ದವು. ಟಿಪ್ಪಣಿ ಹುಟ್ಟಿದ ಸಮಯ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದ ಲೆಕ್ಕದಲ್ಲಿ ಬರುತ್ತದೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಾನು ಅದರ ಮೊದಲ ಹತ್ತು ಅಕ್ಷರ ಕತ್ತರಿಸಿ ಕಡತದ ಹೆಸರಿಗೆ ಹಾಕಿದ್ದೆ. ಈಗ ಮೇಕ್‌ನ ದಿನಾಂಕದ ಸೂತ್ರದಲ್ಲಿ 'ಏಷ್ಯಾ/ಕೋಲ್ಕತಾ' ಎಂದು ಸೇರಿಸಿದ್ದೇನೆ. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಹಾಗಿದ್ದರೆ ಡ್ರೈವ್‌ನಲ್ಲಿ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ತಾರೀಖು ಒಂದು ದಿನ ಆಚೀಚೆ ಆದರೆ ಏನು ಮಹಾ ಅನ್ನಿಸಬಹುದು. ಹೂಮಳೆ ಬಿದ್ದ ದಿನದಿಂದ ಎಣಿಸಿಯೇ ರೋಬಸ್ಟಾ ಕಾಫಿ ಹೂ ಬಿಡುವುದನ್ನು ಕಾಯುವುದು. ಹೂ ಬಿಟ್ಟ ಮೇಲೆ ಬೇಕಾದ ಎರಡನೇ ಮಳೆ, ಅಂದರೆ ಬ್ಯಾಕಿಂಗ್ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು ಎನ್ನುವುದೂ ಆ ಎಣಿಕೆಯ ಮೇಲೆಯೇ.

ಫೋಲ್ಡರ್ ಅನ್ನು ತಮ್ಮನಿಗೂ ಲೆಕ್ಕ ನೋಡುವವರಿಗೂ ಓದಲು ಮಾತ್ರ ಬಿಟ್ಟಿದ್ದೇನೆ. ಆಳುಗಳ ಹೆಸರು, ಅವರ ಮುಂಗಡ ಸಾಲದ ವಿಷಯ ಅದಕ್ಕೆ ಹೋಗುವುದಿಲ್ಲ. ಅವರವರ ಕೂಲಿ ಲೆಕ್ಕದ ಚೆಕ್‌ರೋಲ್ ಪ್ರತಿ ಬೇರೆ ಇದೆ, ಅದು ಅಪ್ಪನ ಮೇಜಿನಲ್ಲಿ. ಹೆಸರುಗಳು ನಾಲ್ಕು ಕಡೆ ಓಡಾಡುವುದು ನನಗೆ ಬೇಡ.

ಕೊನೆಗೆ ಇನ್ನೊಂದು ಗುಂಡಿ ಸೇರಿಸಿದೆ. ಮಳೆಯ ಅಂಕಿ ಮಾತ್ರ ಗೂಗಲ್ ಶೀಟ್ಸ್‌ನಲ್ಲಿ ಒಂದು ಸಾಲಾಗಿ ಹೋಗಿ ಕೂರುತ್ತದೆ. ಪಕ್ಕದ ಅಂಕಣದಲ್ಲಿ 25.4ರಿಂದ ಗುಣಿಸಿ ಮಿಲಿಮೀಟರ್. ಒಂದು ಇಂಚು ಹತ್ತು ಸೆಂಟ್ ಅಂದರೆ 28 ಮಿಲಿಮೀಟರ್ ಹತ್ತಿರ. ತಮ್ಮನಿಗೆ ಮಿಲಿಮೀಟರ್ ಬೇಕು, ಅಪ್ಪನಿಗೆ ಇಂಚು.

ಆ ಶೀಟ್ ನೋಡಿದ ಮೇಲೆ ಅಪ್ಪ ಬೀರುವಿನಿಂದ ಉಳಿದ ಹಳೆಯ ಪುಸ್ತಕಗಳನ್ನು ತಂದು ನನ್ನ ಮುಂದೆ ಇಟ್ಟರು. ಗೆದ್ದಲು ತಿಂದಲ್ಲಿ ತೂತಿದೆ, ಅಲ್ಲಿ ಸಾಲು ಖಾಲಿ ಬಿಡುತ್ತೇವೆ. ರಾತ್ರಿ ಅರ್ಧ ಗಂಟೆ ಅವರು ಕನ್ನಡಕ ಹಾಕಿಕೊಂಡು ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಈಗ 1994ರ ಜುಲೈಗೆ ಬಂದಿದ್ದೇವೆ.