ಉದ್ದನೆಯ ಇಂಗ್ಲಿಷ್ ಪದ: ಒತ್ತು ಎಲ್ಲಿ ಬೀಳಬೇಕು?

ಕನ್ನಡದಲ್ಲಿ ಓದಿ ರೂಢಿಯಾದ ನಾಲಿಗೆ ಇಂಗ್ಲಿಷ್ ಪದದ ಎಲ್ಲ ಭಾಗಕ್ಕೂ ಒಂದೇ ತೂಕ ಕೊಡುತ್ತದೆ. ಒತ್ತು ಹಾಕಲೇಬೇಕೆಂದರೆ ಮೊದಲಿಗೇ ಹಾಕಿಬಿಡುತ್ತದೆ. ಡೆವಲಪ್‌ಮೆಂಟ್ ಎನ್ನುವಾಗ ‘ಡೆ’ ಜೋರಾಗುವುದು ಹೀಗೆ. ಸರಿಯಾದದ್ದು ಡಿ-ˈವೆ-ಲಪ್-ಮಂಟ್ (ˈ ಗೀಟಿನ ನಂತರದ ‘ವೆ’ಗೆ ಒತ್ತು).

ಮೊದಲು ಪದವನ್ನು ಸಿಲಬಲ್‌ಗಳಾಗಿ, ಅಂದರೆ ಒಂದೊಂದು ಸ್ವರವಿರುವ ಉಚ್ಚಾರದ ತುಂಡುಗಳಾಗಿ, ಬಿಡಿಸಿ. ಎಣಿಸಬೇಕಾದ್ದು ಸ್ಪೆಲಿಂಗ್ ಅನ್ನಲ್ಲ, ಕಿವಿಗೆ ಬೀಳುವ ಸ್ವರಗಳನ್ನು. ಎಲೆಕ್ಟ್ರಿಸಿಟಿಯಲ್ಲಿ ಐದು. ಸ್ಟ್ರೆಂಗ್ತ್‌ನಲ್ಲಿ ವ್ಯಂಜನಗಳು ಎಷ್ಟೇ ಇದ್ದರೂ ಸ್ವರ ಒಂದೇ, ಹಾಗಾಗಿ ಸಿಲಬಲ್ಲೂ ಒಂದೇ. ಫಿಲ್ಮ್ ಅನ್ನು ‘ಫಿಲಂ’ ಎಂದರೆ ಇಲ್ಲದ ಸ್ವರ ಸೇರಿ ಎರಡಾಗುತ್ತದೆ. ಕಂಫರ್ಟಬಲ್ ಮಾತಿನಲ್ಲಿ ಸಾಮಾನ್ಯವಾಗಿ ಮೂರೇ: ˈಕಂಫ್-ಟ-ಬಲ್.

ಆಮೇಲೆ ಪದದ ಕೊನೆ ನೋಡಿ. ‘ಶನ್’ ಅಥವಾ ‘ಇಕ್’ ಇದ್ದರೆ ಅದಕ್ಕೆ ಹಿಂದಿನ ಸಿಲಬಲ್‌ಗೆ ಒತ್ತು: ಎ-ಜು-ˈಕೇ-ಶನ್, ಇ-ಕ-ˈನಾ-ಮಿಕ್. ‘ಇಟಿ’, ‘ಲಜಿ’, ‘ಗ್ರಫಿ’ ಇದ್ದರೆ ಕೊನೆಯಿಂದ ಮೂರನೆಯದಕ್ಕೆ: ಯೂ-ನಿ-ˈವರ್-ಸ-ಟಿ, ಬೈ-ˈಆ-ಲ-ಜಿ. ಪಾಲಿಟಿಕ್ಸ್, ಕ್ಯಾಥಲಿಕ್, ಅರಬಿಕ್ ಈ ನಿಯಮಕ್ಕೆ ಬಗ್ಗುವುದಿಲ್ಲ, ಇವುಗಳಲ್ಲಿ ಒತ್ತು ಮೊದಲಿಗೇ. ಅನುಮಾನ ಬಂದರೆ ನಿಘಂಟು ತೆರೆಯಿರಿ. ಮೇಲಿನ ಪುಟ್ಟ ಗೀಟು (ˈ) ಮುಖ್ಯ ಒತ್ತು, ಕೆಳಗಿನದು (ˌ) ಹಗುರ ಒತ್ತು. ಗೀಟಿನ ನಂತರ ಬರುವ ಸಿಲಬಲ್‌ಗೆ ಒತ್ತು ಸೇರುತ್ತದೆ. ಅದನ್ನು ಹಿಂದಿನದಕ್ಕೆ ಹಚ್ಚಿ ಓದುವ ತಪ್ಪು ಬಹಳ.

ಒತ್ತು ಎಂದರೆ ಬರೀ ದನಿ ಏರಿಸುವುದಲ್ಲ. ಒತ್ತಿರುವ ಸ್ವರ ತುಸು ಉದ್ದವಾಗಿ, ಸ್ಪಷ್ಟವಾಗಿ ಬರಬೇಕು. ಒತ್ತಿಲ್ಲದ್ದು ಬಹುಪಾಲು ಅಸ್ಪಷ್ಟ ‘ಅ’ ಆಗಿ ಸವೆಯಬೇಕು. ಒಂದೇ ಮನೆತನದ ಮೂರು ಪದ ನೋಡಿ: ˈಫೋ-ಟ-ಗ್ರಾಫ್, ಫ-ˈಟಾ-ಗ್ರ-ಫಿ, ಫೋ-ಟ-ˈಗ್ರ್ಯಾ-ಫಿಕ್. ಒತ್ತು ಜರುಗಿದ ಕೂಡಲೇ ‘ಫೋ’ ಕುಗ್ಗಿ ‘ಫ’ ಆಯಿತು, ‘ಟ’ ಅರಳಿ ‘ಟಾ’ ಆಯಿತು. ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ. ಒತ್ತನ್ನು ಸರಿಯಾದ ಜಾಗದಲ್ಲಿ ಹಾಕಿದರೂ ಉಳಿದ ಸ್ವರಗಳನ್ನು ಪೂರ್ತಿ ಉಚ್ಚರಿಸಿದರೆ ಒತ್ತು ಎದ್ದು ಕೇಳುವುದೇ ಇಲ್ಲ. ಅಮೆರಿಕದ ಧಾಟಿ ಅನುಕರಿಸುವುದಕ್ಕಿಂತ ಈ ಸವೆತ ಕಲಿಯುವುದು ಹೆಚ್ಚು ಉಪಯೋಗ.

ಅಭ್ಯಾಸವನ್ನು ಪದದ ಹಿಂದಿನಿಂದ ಮಾಡಿ. ರೆಸ್ಪಾನ್ಸಿಬಿಲಿಟಿಯಲ್ಲಿ ಆರು ಸಿಲಬಲ್, ಒತ್ತು ಕೊನೆಯಿಂದ ಮೂರನೆಯದಕ್ಕೆ. ಮೊದಲು ‘ˈಬಿ-ಲ-ಟಿ’ ಎನ್ನಿ. ಅದು ಸಲೀಸಾದ ಮೇಲೆ ‘ಸ-ˈಬಿ-ಲ-ಟಿ’. ಬಳಿಕ ಹಗುರ ಒತ್ತಿನೊಂದಿಗೆ ‘ˌಸ್ಪಾನ್-ಸ-ˈಬಿ-ಲ-ಟಿ’. ಕೊನೆಗೆ ಮುಂದೆ ‘ರಿ’ ಸೇರಿಸಿ, ಮೆಲ್ಲಗೆ.