ಲೈಟಿನ ಲೈನ್ ಪದೇ ಪದೇ ಟ್ರಿಪ್ ಆಗುತ್ತಿದೆಯೇ? ದೋಷ ಹುಡುಕುವ ಕ್ರಮ ಹೀಗಿದೆ

ಮಳೆ ಹಿಡಿದ ಮೇಲೆ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸಂಜೆ ಲೈಟ್ ಹಾಕಿದ ಕೂಡಲೇ ಮನೆಯಿಡೀ ಕತ್ತಲಾಗುತ್ತದೆ, ಡಿ.ಬಿ.ಯಲ್ಲಿ (ಮನೆಯ ಎಲ್ಲ ಲೈನುಗಳ ಸುರಕ್ಷತಾ ಸ್ವಿಚ್ಚುಗಳಿರುವ ಪೆಟ್ಟಿಗೆಯಲ್ಲಿ) ಬಿದ್ದ ಸ್ವಿಚ್ಚನ್ನು ಮೇಲೆತ್ತಿದರೆ ಅದು ಮತ್ತೆ ಬೀಳುತ್ತದೆ. ಆಗ ಬಲ್ಬುಗಳನ್ನು ಒಂದೊಂದಾಗಿ ಬದಲಿಸಿ ನೋಡುವವರೇ ಹೆಚ್ಚು. ಅದಕ್ಕಿಂತ ಮೊದಲು, ಬಿದ್ದದ್ದು ಯಾವ ಸ್ವಿಚ್ ಮತ್ತು ಯಾವ ಸಂದರ್ಭದಲ್ಲಿ ಬಿತ್ತು ಎಂಬುದನ್ನು ಸರಿಯಾಗಿ ಗಮನಿಸಿದರೆ ಹುಡುಕಾಟದ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಡಿ.ಬಿ.ಯಲ್ಲಿ ಸಾಲಾಗಿರುವ ಕಿರಿದಾದ ಸ್ವಿಚ್ಚುಗಳು ಎಂಸಿಬಿಗಳು. ಓವರ್‌ಲೋಡ್ ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗ ಇವು ಬೀಳುತ್ತವೆ. ಅವುಗಳ ಪಕ್ಕದಲ್ಲಿ, 'ಟಿ' ಎಂಬ ಅಕ್ಷರವಿರುವ ಸಣ್ಣ ಗುಂಡಿಯೊಂದಿಗೆ ಇರುವ ಅಗಲವಾದ ಸ್ವಿಚ್ ಆರ್‌ಸಿಸಿಬಿ. ಇಎಲ್‌ಸಿಬಿ ಎಂದು ರೂಢಿಯಲ್ಲಿ ಕರೆಯುವುದೂ ಇದನ್ನೇ. ಫೇಸ್ ವೈರಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ಮರಳುತ್ತಿದೆಯೇ ಎಂದು ಇದು ಸದಾ ಹೋಲಿಸುತ್ತಿರುತ್ತದೆ. ಎರಡರ ನಡುವಿನ ವ್ಯತ್ಯಾಸ 30 ಮಿಲಿಆಂಪಿಯರ್ ತಲುಪುವುದರೊಳಗೆ, ಅಂದರೆ ಸಾಮಾನ್ಯವಾಗಿ 15ರಿಂದ 30ರ ನಡುವೆ, ಸರಬರಾಜನ್ನು ಕಡಿದುಹಾಕುತ್ತದೆ. ಆದ್ದರಿಂದ ಆರ್‌ಸಿಸಿಬಿ ಬಿದ್ದಿದೆ ಎಂದರೆ ಎಲ್ಲೋ ಒಂದು ಕಡೆ ಕರೆಂಟ್ ಗೋಡೆಗೋ, ಅರ್ಥ್ ವೈರಿಗೋ, ಮನುಷ್ಯರ ಮೈಗೋ ಸೋರಿದೆ ಎಂದೇ ಮೊದಲು ಅನುಮಾನಿಸಬೇಕು.

ಎಂಸಿಬಿ ಮಾತ್ರ ಬೀಳುತ್ತಿದ್ದರೆ ದಾರಿ ಬೇರೆ. 9 ವ್ಯಾಟಿನ 20 ಎಲ್‌ಇಡಿ ಬಲ್ಬುಗಳು ಒಟ್ಟಿಗೆ ಉರಿದರೂ 180 ವ್ಯಾಟ್, ಅಂದರೆ ಸುಮಾರು ಒಂದು ಆಂಪಿಯರ್ ಅಷ್ಟೇ. 6 ಆಂಪಿಯರಿನ ಎಂಸಿಬಿಗೆ ಅದು ಭಾರವೇ ಅಲ್ಲ. ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್ ಆಗಿದೆ. ಸ್ವಲ್ಪ ಹೊತ್ತು ತಡೆದು ಬಿದ್ದರೆ ಆ ಲೈನಿನ ಪ್ಲಗ್ಗಿಗೆ ಯಾರೋ ಇಸ್ತ್ರಿಪೆಟ್ಟಿಗೆಯನ್ನೋ ಹೀಟರನ್ನೋ ಹಾಕಿರಬಹುದು, ಇಲ್ಲವೇ ಎಂಸಿಬಿಯ ಸ್ಕ್ರೂ ಸಡಿಲವಾಗಿ ಬಿಸಿಯೇರುತ್ತಿರಬಹುದು.

ಮನೆಯವರೇ ಮಾಡಬಹುದಾದ ಪರೀಕ್ಷೆ

ಆರ್‌ಸಿಸಿಬಿ ಬೀಳುತ್ತಿದ್ದರೆ ಮೊದಲು ಎಲ್ಲ ಎಂಸಿಬಿಗಳನ್ನು ಇಳಿಸಿ, ಲೈಟ್ ಲೈನಿಗೆ ಸೇರಿದ ಎಲ್ಲ ಸ್ವಿಚ್ಚುಗಳನ್ನು ಆಫ್ ಮಾಡಬೇಕು. ಗೇಟು, ಮೆಟ್ಟಿಲು, ಬಚ್ಚಲು, ತಾರಸಿಯ ಸ್ವಿಚ್ಚುಗಳನ್ನು ಮರೆಯಬಾರದು. ಈಗ ಆರ್‌ಸಿಸಿಬಿಯನ್ನು ಮೇಲೆತ್ತಿ, ಅದು ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತಾ ಬನ್ನಿ. ಲೈಟಿನ ಎಂಸಿಬಿ ಏರಿಸಿದ ಮೇಲೂ ನಿಂತರೆ, ಲೈಟುಗಳನ್ನು ಒಂದೊಂದಾಗಿ ಹಾಕಿ, ಪ್ರತಿಯೊಂದರ ನಡುವೆ ಒಂದೆರಡು ನಿಮಿಷ ಕಾಯಿರಿ. ಯಾವ ಸ್ವಿಚ್ ಹಾಕಿದಾಗ ಬೀಳುತ್ತದೋ ದೋಷ ಆ ಸ್ವಿಚ್ಚಿನಿಂದ ಮುಂದಿನ ವೈರಿನಲ್ಲಿ ಅಥವಾ ಆ ಲೈಟಿನಲ್ಲಿ ಇರುತ್ತದೆ. ಆ ಒಂದು ಸ್ವಿಚ್ಚನ್ನು ಆಫ್ ಇಟ್ಟು, ಉಳಿದದ್ದೆಲ್ಲ ಸರಿಯಾಗಿ ನಡೆಯುತ್ತದೆಯೇ ಎಂದು ಇನ್ನೊಮ್ಮೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲು ಅನುಮಾನಿಸಬೇಕಾದದ್ದು ಹೊರಗಿನ ಲೈಟುಗಳನ್ನು. ಗೇಟಿನ ಕಂಬದ ಮೇಲಿನ ಗಾಜಿನ ಗೋಳವನ್ನು ಬಿಚ್ಚಿದರೆ ತಳದಲ್ಲಿ ಸತ್ತ ಹುಳುಗಳೊಂದಿಗೆ ಬೆರಳಿನಷ್ಟು ನೀರು ನಿಂತಿರುವುದು, ಹೋಲ್ಡರಿನ ಹಿತ್ತಾಳೆ ಹಸಿರುಗಟ್ಟಿರುವುದು ಅಪರೂಪವಲ್ಲ. ಕಂಬದೊಳಗೆ ಎರಡು ವೈರುಗಳನ್ನು ಹೊಸೆದು ಬರಿಯ ಟೇಪ್ ಸುತ್ತಿ ಬಿಟ್ಟಿದ್ದರೆ, ಒಂದೆರಡು ಮಳೆಗಾಲಗಳಲ್ಲಿ ಟೇಪಿನ ಅಂಟು ಬಿಟ್ಟು ತಾಮ್ರ ಒದ್ದೆ ಗೋಡೆಗೆ ತಾಗುತ್ತದೆ. ಒಣ ಹವೆಯಲ್ಲಿ ಸರಿಯಿದ್ದು ಮಳೆಯಲ್ಲಿ ಮಾತ್ರ ಬೀಳುವುದಕ್ಕೆ ಇದೇ ಮುಖ್ಯ ಕಾರಣ. ಒಳಗಿನ ಲೈಟುಗಳಲ್ಲಿ, ಲೋಹದ ಕವಚದ ಅಂಚಿಗೋ ಫಿಕ್ಸ್ ಮಾಡಿದ ಸ್ಕ್ರೂಗೋ ಸಿಕ್ಕಿ ಸಿಪ್ಪೆ ಹರಿದ ವೈರು, ಸ್ವಿಚ್ ಬಾಕ್ಸಿನೊಳಗೆ ಗೂಡು ಮಾಡಿದ ಇರುವೆ, ಸೀಲಿಂಗಿನಲ್ಲಿ ಸುಟ್ಟ ಎಲ್‌ಇಡಿ ಡ್ರೈವರ್ (ಎಲ್‌ಇಡಿಗೆ ಬೇಕಾದ ಕರೆಂಟ್ ಒದಗಿಸುವ ಸಣ್ಣ ಸಾಧನ) ಇವುಗಳನ್ನು ನೋಡಬೇಕು.

ಯಾವುದೇ ಲೈಟನ್ನು ಬಿಚ್ಚುವ ಮುನ್ನ ಮೇನ್ ಸ್ವಿಚ್ಚಿನ ಜೊತೆಗೆ ಇನ್ವರ್ಟರನ್ನೂ ಆಫ್ ಮಾಡಲೇಬೇಕು. ಮೇನ್ ಇಳಿಸಿದ ಕ್ಷಣವೇ ಇನ್ವರ್ಟರ್ ಲೈಟುಗಳಿಗೆ 230 ವೋಲ್ಟನ್ನು ಕೊಡಲು ಶುರುಮಾಡುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಉರಿಯುತ್ತಿರುವ ಇನ್ನೊಂದು ಲೈಟಿನಲ್ಲಿ ಟೆಸ್ಟರ್ ಸರಿಯಾಗಿದೆಯೇ ಎಂದು ಮೊದಲೇ ನೋಡಿಕೊಂಡು, ಆಮೇಲೆ ಬಿಚ್ಚಬೇಕಾದ ಜಾಗವನ್ನು ಪರೀಕ್ಷಿಸಿ. ನೀರು ನಿಂತ ಅಥವಾ ಒದ್ದೆಯಾದ ಲೈಟನ್ನಂತೂ ಮನೆಯವರು ಮುಟ್ಟದಿರುವುದೇ ಸರಿ.

ನ್ಯೂಟ್ರಲ್ ಎಂಬ ಮರೆತ ವೈರು

ಲೈಟಿನ ಎಂಸಿಬಿಯನ್ನು ಇಳಿಸಿದ ಮೇಲೂ ಆರ್‌ಸಿಸಿಬಿ ಬೀಳುತ್ತಿದ್ದರೆ, ದೋಷ ಲೈಟ್ ಲೈನಿನಲ್ಲಿ ಇಲ್ಲವೆಂದು ತೀರ್ಮಾನಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಇಡೀ ಹುಡುಕಾಟ ದಾರಿ ತಪ್ಪುವುದು ಇಲ್ಲೇ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಕೂಡಿಕೊಂಡಿರುತ್ತದೆ. ಲೈಟ್ ಲೈನಿನ ನ್ಯೂಟ್ರಲ್ ಎಲ್ಲಾದರೂ ಅರ್ಥಿಗೆ ತಾಗಿದ್ದರೆ, ಅಡುಗೆಮನೆಯ ಮಿಕ್ಸಿಯ ಅಥವಾ ಬಚ್ಚಲ ಗೀಸರಿನ ಕರೆಂಟಿನ ಒಂದು ಪಾಲು ಮರಳುವಾಗ ಆ ದಾರಿಯಲ್ಲಿ ಭೂಮಿಗೆ ಇಳಿಯುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ತಪ್ಪು ಲೈಟಿನ ವೈರಿನದು, ರಿಪೇರಿಗೆ ಹೋಗುವುದು ಗೀಸರ್.

ಇದನ್ನು ಪತ್ತೆಹಚ್ಚಲು ಡಿ.ಬಿ. ತೆರೆದು, ಎಲ್ಲ ನ್ಯೂಟ್ರಲ್ ವೈರುಗಳು ಬಂದು ಸೇರುವ ಲೋಹದ ಪಟ್ಟಿಯಿಂದ, ಅಂದರೆ ನ್ಯೂಟ್ರಲ್ ಲಿಂಕಿನಿಂದ, ಒಂದೊಂದೇ ಲೈನಿನ ವೈರನ್ನು ಬಿಡಿಸಿ ನೋಡಬೇಕಾಗುತ್ತದೆ. ಮೇನ್ ಇಳಿಸಿದರೂ ಮೀಟರಿನಿಂದ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುವುದರಿಂದ ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ಅವರು ಬಲ್ಬು, ಡ್ರೈವರುಗಳನ್ನು ತೆಗೆದು, 500 ವೋಲ್ಟಿನ ಮೆಗ್ಗರಿನಿಂದ (ವೈರಿನ ಸಿಪ್ಪೆ ಗಟ್ಟಿಯಿದೆಯೇ ಎಂದು ಹೆಚ್ಚು ವೋಲ್ಟೇಜ್ ಕೊಟ್ಟು ಅಳೆಯುವ ಉಪಕರಣದಿಂದ) ಫೇಸ್ ಮತ್ತು ಅರ್ಥ್, ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ರೋಧವನ್ನು ಅಳೆಯಲಿ. ಅದು 1 ಮೆಗಾಓಮಿಗಿಂತ ಕಡಿಮೆಯಿರಬಾರದು. ಬರಿಯ ಮಲ್ಟಿಮೀಟರಿನ ಕಡಿಮೆ ವೋಲ್ಟೇಜಿಗೆ ಇಂಥ ಸೋರಿಕೆ ಎಷ್ಟೋ ಸಲ ಸಿಗುವುದೇ ಇಲ್ಲ.

ಇನ್ವರ್ಟರ್ ಹಾಕಿಸಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ವೈರಿನ ಸಿಪ್ಪೆಯನ್ನು ದೂರಬೇಕಾಗಿಲ್ಲ. ಇನ್ವರ್ಟರಿಗೆ ಫೇಸನ್ನು ಆರ್‌ಸಿಸಿಬಿಗಿಂತ ಮೊದಲೇ ತೆಗೆದು, ಲೈಟುಗಳ ನ್ಯೂಟ್ರಲನ್ನು ಅದರ ನಂತರದ ಲಿಂಕಿಗೆ ಸೇರಿಸಿದ್ದರೆ ಲೆಕ್ಕ ಎಂದೂ ತಾಳೆಯಾಗುವುದಿಲ್ಲ. ಎರಡೂ ಆರ್‌ಸಿಸಿಬಿಯ ಒಂದೇ ಬದಿಯಿಂದ ಬರುವಂತೆ ವೈರಿಂಗ್ ತಿದ್ದಿಸಬೇಕು.

ಕೆಲವರು ಬೇಸತ್ತು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸುತ್ತಾರೆ, ಅಥವಾ 6 ಆಂಪಿಯರಿನ ಜಾಗಕ್ಕೆ 16ರ ಎಂಸಿಬಿ ಹಾಕಿಸುತ್ತಾರೆ. ಒದ್ದೆ ಗೋಡೆಗೆ ಕೈಯಿಟ್ಟ ಮಗುವನ್ನು ಕಾಯುವುದು ಆರ್‌ಸಿಸಿಬಿ, ಗೋಡೆಯೊಳಗಿನ ತೆಳು ವೈರು ಹೊತ್ತಿಕೊಳ್ಳದಂತೆ ತಡೆಯುವುದು 6 ಆಂಪಿಯರಿನ ಎಂಸಿಬಿ. ದಯವಿಟ್ಟು ಈ ಎರಡು ಬದಲಾವಣೆಗಳನ್ನೂ ಮಾಡಿಸಬೇಡಿ. ದೋಷ ಸಿಗುವ ತನಕ ಆ ಲೈನನ್ನು ಪೂರ್ತಿಯಾಗಿ ಬಿಡಿಸಿಡಲು ಹೇಳಿ.

ದುರಸ್ತಿಯಾದ ಮೇಲೆ ಎಲ್ಲ ಲೈಟುಗಳನ್ನೂ ಗೀಸರನ್ನೂ ಒಟ್ಟಿಗೆ ಹಾಕಿ ಸ್ವಲ್ಪ ಹೊತ್ತು ನೋಡಿ, ಅನಂತರ 'ಟಿ' ಗುಂಡಿಯನ್ನು ಒಮ್ಮೆ ಒತ್ತಿ. ಆಗ ಆರ್‌ಸಿಸಿಬಿ ತಕ್ಷಣ ಬೀಳಬೇಕು. ಬೀಳದಿದ್ದರೆ ಎಲೆಕ್ಟ್ರಿಷಿಯನ್ ಹೊರಡುವ ಮುನ್ನವೇ ಅದನ್ನು ಬದಲಿಸಿಕೊಳ್ಳಿ.