ಅಮೆರಿಕದ ಚಿತ್ರಸಂಗೀತಗಾರರಿಗೆ ಕ್ಯೂ ಶೀಟ್: ತುಂಬುವ ಕ್ರಮ, ಎಡವುವ ಜಾಗಗಳು

ಹಾಲಿವುಡ್ ಚಿತ್ರಕ್ಕೆ ಸಂಗೀತ ಕೊಟ್ಟವರಿಗೆ ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಕೆಲಸಕ್ಕೆ ಮಾತಾದ ಸಂಭಾವನೆ. ಅದು ಒಮ್ಮೆ ಕೈ ಸೇರಿದರೆ ಮುಗಿಯಿತು. ಇನ್ನೊಂದು, ಚಿತ್ರ ಟಿವಿಯಲ್ಲಿ, ಸ್ಟ್ರೀಮಿಂಗ್‌ನಲ್ಲಿ, ಹೊರದೇಶಗಳಲ್ಲಿ ಓಡಿದಷ್ಟು ಕಾಲ ಬರುವ ಪ್ರದರ್ಶನ ರಾಯಲ್ಟಿ. ಎರಡನೆಯದು ನಿಂತಿರುವುದು ಕ್ಯೂ ಶೀಟ್ ಎಂಬ ಪಟ್ಟಿಯ ಮೇಲೆ. ಚಿತ್ರದಲ್ಲಿ ಕೇಳಿಬರುವ ಪ್ರತಿ ತುಣುಕು ಸಂಗೀತವೂ (ಇದಕ್ಕೇ ಕ್ಯೂ ಎನ್ನುವುದು) ಅದರಲ್ಲಿ ಬರುವ ಕ್ರಮದಲ್ಲೇ ದಾಖಲಾಗಿರಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪಾಲೂ ಇಲ್ಲ.

ಪಟ್ಟಿಗೂ ಮೊದಲು ಕರಾರು ನೋಡಿ. 1976ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಇದು ನಿರ್ಮಾಣ ಸಂಸ್ಥೆಗಾಗಿ ಮಾಡಿಕೊಟ್ಟ ಕೆಲಸ (ವರ್ಕ್ ಮೇಡ್ ಫಾರ್ ಹೈರ್) ಎಂದು ಸಂಯೋಜಕರೂ ಸಂಸ್ಥೆಯೂ ಸಹಿ ಹಾಕಿದ ಪತ್ರವಿದ್ದರೆ ಚಿತ್ರಕ್ಕೆಂದು ಬರೆಸಿದ ಸಂಗೀತಕ್ಕೆ ಕಾನೂನಿನ ದೃಷ್ಟಿಯಲ್ಲಿ ನಿರ್ಮಾಣ ಸಂಸ್ಥೆಯೇ ಕರ್ತೃ. ಆದರೂ ಪ್ರದರ್ಶನ ರಾಯಲ್ಟಿಯಲ್ಲಿ ಅರ್ಧ ‘ರಚನೆಕಾರರ ಪಾಲು’, ಅರ್ಧ ಹಕ್ಕು ಹೊಂದಿದವರಿಗೆ, ಸಾಮಾನ್ಯವಾಗಿ ನಿರ್ಮಾಣ ಸಂಸ್ಥೆಗೆ, ಸೇರುವ ‘ಪ್ರಕಾಶಕರ ಪಾಲು’ ಎಂದು ಒಡೆಯುವುದು ರೂಢಿ. ಮೊದಲರ್ಧ ಸಂಯೋಜಕರಿಗೆ ಉಳಿಯುತ್ತದೆ ಎಂಬ ಮಾತು ಕರಾರಿನಲ್ಲಿ ಅಕ್ಷರವಾಗಿ ಇರಬೇಕು. ಬಜೆಟ್ ಚಿಕ್ಕದಾದರೆ ಪ್ರಕಾಶಕರ ಪಾಲಿನಲ್ಲೂ ಒಂದಂಶ ಕೇಳಬಹುದು. ಕೈಯಲ್ಲಿ ಕಾಸಿಲ್ಲದ ನಿರ್ಮಾಪಕರು ಸಂಭಾವನೆ ಏರಿಸುವುದಕ್ಕಿಂತ ಇದಕ್ಕೆ ಬೇಗ ಒಪ್ಪುತ್ತಾರೆ. ವಾದ್ಯಗಾರರು, ಸ್ಟುಡಿಯೋ, ಮಿಕ್ಸಿಂಗ್ ಎಲ್ಲವನ್ನೂ ಒಂದೇ ಮೊತ್ತದಲ್ಲಿ ಮುಗಿಸುವ ಪ್ಯಾಕೇಜ್ ಒಪ್ಪಂದವಾದರೆ, ಹೊರಗಿನ ಹಾಡುಗಳ ಪರವಾನಗಿ ಶುಲ್ಕ ಮತ್ತು ದೃಶ್ಯ ಬದಲಾದ ಮೇಲಿನ ಮರುಧ್ವನಿಮುದ್ರಣ ಅದರಲ್ಲಿ ಸೇರಿಲ್ಲ ಎಂದು ಬರೆಸಿಕೊಳ್ಳದಿದ್ದರೆ ಸಂಭಾವನೆಯೇ ಕರಗಿಹೋಗುತ್ತದೆ.

ಮುಂದಿನದು ನೋಂದಣಿ. ಪ್ರದರ್ಶನ ರಾಯಲ್ಟಿ ವಸೂಲು ಮಾಡಿ ಹಂಚುವ ಸಂಸ್ಥೆಯೊಂದರ ಸದಸ್ಯರಾಗಬೇಕು. ಆಸ್ಕ್ಯಾಪ್ (1914) ಮತ್ತು ಬಿಎಂಐ (1939) ಇವುಗಳಲ್ಲಿ ದೊಡ್ಡವು. ಸೆಸ್ಯಾಕ್ ಆಹ್ವಾನಿಸಿದವರನ್ನಷ್ಟೇ ಸೇರಿಸಿಕೊಳ್ಳುತ್ತದೆ. ರಚನೆಕಾರರು ಒಂದು ಕಾಲಕ್ಕೆ ಒಂದರಲ್ಲಿ ಮಾತ್ರ ಇರಬಹುದು. ಸ್ವಂತ ಪ್ರಕಾಶನವಿದ್ದರೆ ಅದನ್ನೂ ಅದೇ ಸಂಸ್ಥೆಯಲ್ಲಿ ನೋಂದಾಯಿಸಿ. ಸದಸ್ಯತ್ವದ ಜೊತೆ ಸಿಗುವ ಐಪಿಐ ಸಂಖ್ಯೆ (ರಚನೆಕಾರರನ್ನೂ ಪ್ರಕಾಶಕರನ್ನೂ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಹೆಸರಿಗಿಂತ ಮುಖ್ಯ, ಯಾಕೆಂದರೆ ಒಂದೇ ಹೆಸರಿನವರು ಎಷ್ಟೋ ಜನ ಇರುತ್ತಾರೆ.

ಈಗ ಪಟ್ಟಿ. ಇದನ್ನು ತುಂಬಬೇಕಾದದ್ದು ಮಾತು, ಸದ್ದು, ಸಂಗೀತ ಬೆರೆಸುವ ಅಂತಿಮ ಮಿಕ್ಸ್ ಮುಗಿದ ಮೇಲೆ, ಮುಗಿದ ಚಿತ್ರವನ್ನು ನೋಡುತ್ತಾ. ಎಲ್ಲಿ ಸಂಗೀತ ಬೇಕೆಂದು ನಿರ್ದೇಶಕರೊಂದಿಗೆ ಕೂತು ಮಾಡಿಕೊಂಡ ಸ್ಪಾಟಿಂಗ್ ಟಿಪ್ಪಣಿಯಿಂದ ನಕಲು ಮಾಡುವುದು ಅತಿ ಸಾಮಾನ್ಯ ತಪ್ಪು. ಮಿಕ್ಸ್‌ನ ಹೊತ್ತಿಗೆ ಒಂದು ತುಣುಕು ಎರಡಾಗಿರುತ್ತದೆ, ಇನ್ನೊಂದು ಬೇರೆ ದೃಶ್ಯಕ್ಕೆ ಜಾರಿರುತ್ತದೆ, ಮತ್ತೊಂದು ಮಾಯವಾಗಿರುತ್ತದೆ. ಈ ಬದಲಾವಣೆಗಳೆಲ್ಲ ಗೊತ್ತಿರುವುದು ಮ್ಯೂಸಿಕ್ ಎಡಿಟರ್‌ಗೆ. ಅವರ ಕೈಯಿಂದಲೇ ಮೊದಲ ಕರಡು ಬರಲಿ.

ಪ್ರತಿ ಸಾಲಿನಲ್ಲಿ ಕ್ಯೂ ಸಂಖ್ಯೆ, ಶೀರ್ಷಿಕೆ, ಬಳಕೆಯ ಬಗೆ, ಅವಧಿ, ರಚನೆಕಾರರು, ಪ್ರಕಾಶಕರು, ಅವರವರ ಸಂಸ್ಥೆ ಮತ್ತು ಶೇಕಡಾ ಪಾಲು ಇರುತ್ತವೆ. 2ಎಂ3 ಎಂದರೆ ಎರಡನೇ ರೀಲಿನ ಮೂರನೇ ಸಂಗೀತ. ಫಿಲ್ಮ್ ಹೋದರೂ ರೀಲಿನ ಲೆಕ್ಕ ಹೋಗಿಲ್ಲ: 35 ಮಿ.ಮೀ. ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತಿತ್ತು, 2,000 ಅಡಿಯ ರೀಲು ಸುಮಾರು 22 ನಿಮಿಷ. ಶೀರ್ಷಿಕೆಗೆ ‘ಬೆನ್ನಟ್ಟುವಿಕೆ’ಯಂಥ ಸವೆದ ಹೆಸರು ಬೇಡ, ಅದೇ ಹೆಸರಿನ ಬೇರೆಯವರ ಕೃತಿಯೊಂದಿಗೆ ಕಲಸಿಹೋಗುತ್ತದೆ. ಚಿತ್ರದ ಹೆಸರನ್ನೂ ಸೇರಿಸಿ.

ಬಳಕೆಯ ಬಗೆಗೆ ಸಂಕೇತಗಳಿವೆ: ಬಿಐ ಹಿನ್ನೆಲೆ ವಾದ್ಯ, ಬಿವಿ ಹಿನ್ನೆಲೆ ಗಾಯನ, ನುಡಿಸುವವರು ತೆರೆಯ ಮೇಲೆ ಕಂಡರೆ ವಿಐ, ಹಾಡುವವರು ಕಂಡರೆ ವಿವಿ. ತೆರೆಯ ಮೇಲಿನ ಪ್ರದರ್ಶನಕ್ಕೆ ಸಾಮಾನ್ಯವಾಗಿ ಹಿನ್ನೆಲೆಗಿಂತ ಹೆಚ್ಚಿನ ತೂಕ. ನಾಯಕಿ ವೇದಿಕೆ ಮೇಲೆ ಪೂರ್ತಿ ಹಾಡಿದ್ದನ್ನು ಬಿವಿ ಎಂದು ಬರೆದರೆ ಗೀತರಚನೆಕಾರರಿಗೆ ನೇರ ನಷ್ಟ.

ಹಾಡಿನ ಸಾಲಿನಲ್ಲಿ ಸಾಹಿತ್ಯ ಬರೆದವರನ್ನೂ ಪಾಲಿನ ಸಮೇತ ಸೇರಿಸಿ. ಒಂದೂವರೆ ನಿಮಿಷದ ಹಿನ್ನೆಲೆ ತುಣುಕಿನ ನಡುವೆ ಆ ಹಾಡಿನ ಧಾಟಿ 20 ಸೆಕೆಂಡು ಬಂದುಹೋದರೆ ಅದನ್ನು ಬೇರೆ ಸಾಲಾಗಿ ಒಡೆಯಿರಿ: 0:20 ಹಾಡಿನದು, 1:10 ಹಿನ್ನೆಲೆಯದು. ಗಡುವು ಮುಟ್ಟಿಸಲು ಕೈಜೋಡಿಸಿದ ಸಹಾಯಕರು ಸ್ವತಂತ್ರವಾಗಿ ರಚಿಸಿದ ತುಣುಕಿದ್ದರೆ ಆ ಸಾಲಿನಲ್ಲಿ ಅವರ ಹೆಸರಿರಲಿ. ವಾದ್ಯವೃಂದಕ್ಕೆ ಹಂಚಿ ಬರೆದ ಆರ್ಕೆಸ್ಟ್ರೇಟರ್‌ಗೆ ಮಾತ್ರ ಈ ಪಾಲು ಸಲ್ಲುವುದಿಲ್ಲ; ಅವರದು ಕೂಲಿ ಲೆಕ್ಕ.

ಪಾಲುಗಳನ್ನು ಕೂಡಿಸಿ ನೋಡಿ. ಕೆಲವು ನಮೂನೆಗಳಲ್ಲಿ ಒಟ್ಟು 100, ಇನ್ನು ಕೆಲವದರಲ್ಲಿ ರಚನೆಕಾರರಿಗೆ 100, ಪ್ರಕಾಶಕರಿಗೆ 100 ಸೇರಿ 200. ಎರಡನ್ನೂ ಬೆರೆಸಿದ ಪಟ್ಟಿ ಸಂಸ್ಥೆಯ ಮೇಜಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಅಮೆರಿಕದ ಚಿತ್ರಮಂದಿರಗಳಿಂದ ಬಿಡಿಗಾಸೂ ಬರುವುದಿಲ್ಲ, ಅದಕ್ಕೆ ಕಾಯಬೇಡಿ. ಅಲ್ಲಿನ ಚಿತ್ರಮಂದಿರಗಳಿಗೆ ಆಸ್ಕ್ಯಾಪ್ ಪರವಾನಗಿ ಮಾರುತ್ತಿದ್ದ ರೀತಿ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂದು 1948ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತ ಮೇಲೆ ಆ ಬಾಗಿಲು ಮುಚ್ಚಿತು. ಯುರೋಪಿನ ಚಿತ್ರಮಂದಿರಗಳು ಕೊಡುತ್ತವೆ, ಆದರೆ ಆ ದುಡ್ಡು ಅಲ್ಲಿನ ಸಂಸ್ಥೆಯಿಂದ ಅಮೆರಿಕದ ಸಂಸ್ಥೆಗೆ ದಾಟಿ ಬರಬೇಕು. ವರ್ಷ ಮೀರಿದರೂ ಅಚ್ಚರಿಯಿಲ್ಲ.

ಪಟ್ಟಿ ಸಲ್ಲಿಸುವುದು ನಿರ್ಮಾಣ ಸಂಸ್ಥೆಯ ಕೆಲಸ. ಅದರ ಒಂದು ಪ್ರತಿಯನ್ನು ಸಂಯೋಜಕರಿಗೆ ಕೊಡಬೇಕೆಂಬ ಷರತ್ತು ಕರಾರಿನಲ್ಲಿರಲಿ. ಕೆಲವು ತಿಂಗಳ ನಂತರ ರಾಯಲ್ಟಿ ಸಂಸ್ಥೆಯ ಜಾಲತಾಣದಲ್ಲಿ ಚಿತ್ರದ ಹೆಸರು ಹುಡುಕಿ, ಆ ಪ್ರತಿಯ ಜೊತೆ ಸಾಲು ಸಾಲಾಗಿ ತಾಳೆ ನೋಡಿ. ಧಾರಾವಾಹಿಯಾದರೆ ಕಂತಿಗೊಂದು ಪಟ್ಟಿ. ಟಿವಿಗಾಗಿ ಕತ್ತರಿಸಿದ ಆವೃತ್ತಿಯಲ್ಲಿ ಸಂಗೀತ ಬದಲಾಗಿದ್ದರೆ ಅದಕ್ಕೂ ಬೇರೆಯದೇ ಬೇಕು.